ಮುಟ್ಬೇಡಿ

ತಿಂಗಳ ಎರಡನೇ ಭಾನುವಾರ, ಮನೆಮಂದಿಯ ದಿನ.
ಹತ್ತೂವರೆಗೆ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ಸಂತೆ,
ಟಿಕೆಟ್ಟಿನ ಕಿಟಕಿಯಲ್ಲಿ ಚಿಲ್ಲರೆಯ ಜಗಳ.
ನಾನು ಮೈಕು ಸಿಕ್ಕಿಸಿಕೊಂಡು
ಹದಿನಾಲ್ಕು ವರ್ಷದ ಹಳೇ ನಗು ನಗುತ್ತೇನೆ:
'ಬನ್ನಿ, ಬಲಗಡೆಯಿಂದ ಶುರುಮಾಡೋಣ.'

ಮದ್ದೂರಿನ ಕಡೆಯ ಒಂದು ಸಂಸಾರ, ಬುತ್ತಿ ಸಮೇತ.
ಮಂಡಿ ಮೊಹಲ್ಲಾದ ಅಣ್ಣತಂಗಿ, ಅವರ ನಾನಿ.
ಸರಸ್ವತಿಪುರಂನ ಗಂಡಹೆಂಡತಿ,
ಮಗುವಿನ ಪ್ರಶ್ನೆಗಳನ್ನೂ ತಾವೇ ಬರೆದು ತಂದವರು.

ಇದು ಮೈಸೂರು ಶೈಲಿ, ಅನ್ನುತ್ತೇನೆ.
ಹುಣಸೆಕಡ್ಡಿ ಸುಟ್ಟ ಇದ್ದಿಲಲ್ಲಿ ಮೊದಲ ಗೆರೆ,
ಅಳಿಲ ಬಾಲದ ಕೂದಲಲ್ಲಿ ಕಣ್ಣರೆಪ್ಪೆ,
ಸಫೇದಾ, ಅಂಟು, ಹಳದಿ ಮರದಹಾಲು ಕಲಸಿ
ಒಡವೆಗಳನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು.
ತಂಜಾವೂರಿನದಕ್ಕಿಂತ ತಗ್ಗು ಉಬ್ಬು, ನಯ.
ಎಲ್ಲರೂ ತಲೆಯಾಡಿಸುತ್ತಾರೆ.
ತಲೆಯಾಡಿಸುವುದೇ ಬೇರೆ, ಕೇಳಿಸಿಕೊಳ್ಳುವುದೇ ಬೇರೆ,
ಅಷ್ಟು ನನಗೂ ಗೊತ್ತು.

'ಉಬ್ಬು ಅಂದ್ರೆ ಎಷ್ಟು?'
ಮದ್ದೂರಿನ ಪೋರಿ, ಏಳು ವರ್ಷ, ಹೆಸರು ಇಂಚರ.
ಬೆರಳು ಆಗಲೇ ಚೌಕಟ್ಟಿನೊಳಗೆ.
(ಈ ಒಂದಕ್ಕೆ ಗಾಜಿಲ್ಲ. ಬದಲಾಯಿಸಲು ತೆಗೆದದ್ದು,
ಕಡತದಲ್ಲಿ ಇನ್ನೂ ಬದಲಾಗುತ್ತಲೇ ಇದೆ.)
'ಮುಟ್ಬೇಡಿ!' ಮೂಲೆಯ ಸ್ಟೂಲಿನಿಂದ ಸಿದ್ದಪ್ಪಾಜಿ.

ಇಪ್ಪತ್ತಾರು ವರ್ಷದಿಂದ ಅವರದು ಅದೊಂದೇ ಮಾತು.
ನನ್ನ ಮಾತಿನ ನಡುವೆ ಅಲ್ಪವಿರಾಮದಂತೆ ಬೀಳುತ್ತದೆ,
ಆಗ ನಾನು ಉಸಿರೆಳೆದುಕೊಳ್ಳುತ್ತೇನೆ.
ಅತ್ತ ತಿರುಗಿ ನೋಡಿದ್ದು ಕಡಿಮೆ.

ಹುಡುಗಿ ತಿರುಗಿದಳು.
'ತಾತ, ನೀವು ಮುಟ್ಟಿದ್ದೀರಾ?'

ನಾನಿ ಬಾಯಿಗೆ ಸೆರಗು ತಂದರು. ಅವಳಪ್ಪ 'ಏಯ್' ಅಂದ.
ಸಿದ್ದಪ್ಪಾಜಿ ಎದ್ದರು, ಟೋಪಿ ತೆಗೆದರು,
ಯಾರೋ ಸಾಹೇಬರನ್ನು ನೋಡುವಂತೆ ನನ್ನನ್ನು ನೋಡಿದರು.

'ಒಂದ್ಸಲ ಕಣವ್ವ.
ಆವಾಗಿನ್ನೂ ಹಂಚು ಬದಲಾಯ್ಸಿರಲಿಲ್ಲ.
ರಾತ್ರಿ ಪಾಳಿ, ಕರೆಂಟಿಲ್ಲ, ಗೋಡೇಲಿ ನೀರಿಳೀತಾ ಇತ್ತು.
ಫೋನ್ ಮಾಡಿದ್ರೆ ಒಬ್ರೂ ಎತ್ತಲಿಲ್ಲ.
ಗುರುವೇ ಅಂತ ನಾನೇ ಇಳಿಸ್ದೆ. ಅವಚಿಕೊಂಡು
ಈ ಬಾಗ್ಲಿಂದ ಆ ಬಾಗ್ಲಿಗೆ, ಮೂವತ್ತೊಂದು ಹೆಜ್ಜೆ.
ಕತ್ಲಲ್ಲಿ ಕೈಗೆ ಸಿಕ್ತು.'

'ಏನು ಸಿಕ್ತು?'

'ಅಮ್ಮನೋರ ಕಾಸಿನ ಸರ.
ಭತ್ತ ಕಾಳುಗಟ್ಟೋ ವಾರ ತೆನೆ ಹಿಸುಕಿ ನೋಡ್ತೀವಲ್ಲ,
ಹಾಲಾ ಕಾಳಾ ಅಂತ?
ಅಷ್ಟೇ ಉಬ್ಬು.'

ಮದ್ದೂರಿನವರು ಮೂವರೂ
ತೋರುಬೆರಳು ಹೆಬ್ಬೆರಳು ಸೇರಿಸಿ ಉಜ್ಜಿಕೊಂಡರು.
ನನ್ನ ಫೈಲಿನಲ್ಲಿ ಎತ್ತರ ಇದೆ, ಅಗಲ ಇದೆ,
ಕ್ರಮಸಂಖ್ಯೆ, ಕೊಟ್ಟವರ ಹೆಸರು, ಬಂದ ತಾರೀಕು.
ಹದಿನಾಲ್ಕು ವರ್ಷ 'ಉಬ್ಬು' ಅಂದೆ,
ಒಂದು ದಿನವೂ ಬೆರಳಿಗೆ ಅದು ತಿಳಿದಿರಲಿಲ್ಲ.

ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ಜಮಖಾನ.
ರಟ್ಟು, ಸುಣ್ಣದಪುಡಿ, ಗೋಂದು,
ಪ್ಲಾಸ್ಟಿಕ್ ಹಾಳೆ ಸುತ್ತಿದ ಕೋನು.
ಒಡವೆ ಬಿಡಿಸಿ, ಅಂದೆ; ಅಪ್ಪಅಮ್ಮಂದಿರೂ ಬಿಡಿಸಬೇಕು.
ಸರಸ್ವತಿಪುರಂನ ಯಜಮಾನರು ಸ್ಕೇಲು ಕೇಳಿದರು.
ನಾನಿಯ ಕೈಗೆ ಕೋನು ಹೊಸದಲ್ಲ,
ಮೊಹಲ್ಲಾದ ಮದುವಣಗಿತ್ತಿಯರಿಗೆಲ್ಲ ಮೆಹಂದಿ ಇಟ್ಟ ಕೈ;
ನೋಡನೋಡುತ್ತ ರಟ್ಟಿನ ಮೇಲೆ ಅಡ್ಡಿಕೆ ಎದ್ದು ನಿಂತಿತು,
ಮೊಮ್ಮಕ್ಕಳು ತಮ್ಮದನ್ನು ಬಿಟ್ಟು ಅದನ್ನೇ ಕಾಯ್ದರು.

ಇಂಚರಳದು ಚುಕ್ಕಿಚುಕ್ಕಿ, ಅರ್ಧ ಅಳಿಸಿ ಹೋಗಿತ್ತು.
ಎರಡೂ ಕೈಯಲ್ಲಿ ಆರತಿಯಂತೆ ಹಿಡಿದು
ಒಳಗೆ ಸ್ಟೂಲಿನವರೆಗೆ ನಡೆದಳು.
'ಮುಟ್ಟಿ ಹೇಳಿ ತಾತ. ಹಾಲಾ? ಕಾಳಾ?'

ಅವರು ಅತ್ತಿತ್ತ ನೋಡಿದರು.
ಹೆಬ್ಬೆರಳನ್ನು ಮೆಲ್ಲಗೆ ಇಟ್ಟರು.

'ಇನ್ನೂ ಹಾಲು ಕಣವ್ವ.'

ಅಂಟಿದ ಬಿಳಿಯನ್ನು ಪ್ಯಾಂಟಿಗೆ ಒರೆಸಲು ಹೋಗಿ
ಯಾಕೋ ಒರೆಸದೆ
ಮೂರು ಗಂಟೆಯ ತಂಡಕ್ಕೆ ಬಾಗಿಲು ತೆಗೆದರು.